ಗಜಕಚ್ಛಪ ಕಲಹ

ಮಹಾಭಾರತದ ಆದಿಪರ್ವದಲ್ಲಿ, ಗರುಡನ ಕಥೆಯೊಳಗೆ, ವಿಭಾವಸು ಮತ್ತು ಸುಪ್ರತೀಕರೆಂಬ ಸಹೋದರ ಋಷಿಗಳ ವೃತ್ತಾಂತವಿದೆ. ಅವಿಭಕ್ತ ಧನವನ್ನು ವಿಭಾಗಿಸೆಂದು ತಮ್ಮನಾದ ಸುಪ್ರತೀಕನು ಸದಾ ಪೀಡಿಸುತ್ತಿದ್ದನು. ಬೇರೆಯಾದವರ ನಡುವೆ ಶತ್ರುಗಳು ಮಿತ್ರವೇಷದಿಂದ ಪ್ರವೇಶಿಸಿ ಒಡಕನ್ನು ಹೆಚ್ಚಿಸುವರೆಂದು ವಿಭಾವಸುವು ಎಚ್ಚರಿಸಿದನು. ಮಾತು ಹಿತವಾದುದೇ, ಆದರೆ ಕೋಪವು ಅದನ್ನು ಕೆಡಿಸಿತು. ಅಣ್ಣನ ಶಾಪದಿಂದ ತಮ್ಮನು ಆನೆಯಾದನು, ತಮ್ಮನ ಶಾಪದಿಂದ ಅಣ್ಣನು ಆಮೆಯಾದನು. ಸರೋವರದಲ್ಲಿ ಕಾದಾಡುತ್ತಿದ್ದ ಇಬ್ಬರನ್ನೂ ಹಸಿದ ಗರುಡನು ಎತ್ತಿಕೊಂಡು ಹೋಗಿ ಭಕ್ಷಿಸಿದನು. ಆ ಧನದ ಮಾತು ಕಥೆಯಲ್ಲಿ ಮುಂದೆ ಬರುವುದೇ ಇಲ್ಲ.

ಇಂದಿನ ಸರೋವರವು ನ್ಯಾಯಾಲಯವಾಗಿದೆ. ವಿಭಾಗದ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿಯಿಂದ ಪಾಲಿನ ನಿರ್ಣಯ; ಬಳಿಕ ಜಮೀನನ್ನಳೆದು ಅಂತಿಮ ಡಿಕ್ರಿ; ಎರಡರ ಮೇಲೂ ಅಪೀಲು. ವಾದಿಯು ಮೃತನಾದರೆ ಮಕ್ಕಳು ಆ ಸ್ಥಾನಕ್ಕೆ ಬರುತ್ತಾರೆ. ಹೀಗೆ ವ್ಯಾಜ್ಯವೇ ಪಿತ್ರಾರ್ಜಿತವಾಗುತ್ತದೆ!

ಹಾಗೆಂದು ಪಾಲು ಕೇಳುವುದು ಪಾಪವಲ್ಲ. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರಾ ವ್ಯಾಖ್ಯಾನವು ಪಿತ್ರಾರ್ಜಿತದಲ್ಲಿ ಮಗನಿಗೆ ಜನ್ಮದಿಂದಲೇ ಹಕ್ಕನ್ನು ಹೇಳಿತು. 2005ರ ಕಾನೂನು ತಿದ್ದುಪಡಿಯು ಅದನ್ನು ಮಗಳಿಗೂ ಇತ್ತಿತು. ಆ ದಿನ ತಂದೆಯು ಬದುಕಿರಬೇಕಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಆದ್ದರಿಂದ ಅಕ್ಕತಂಗಿಯರ ಪಾಲು ಬಾಗಿನ ಕೊಟ್ಟು ತೀರಿಸತಕ್ಕ ಋಣವಲ್ಲ.

ದೋಷವು ವಿಭಾಗದಲ್ಲಿಲ್ಲ, ದ್ವೇಷದಲ್ಲಿದೆ. ಹಿರಿಯರು ಬದುಕಿರುವಾಗಲೇ ಎಲ್ಲರನ್ನೂ ಕೂಡಿಸಿ ವಿಭಾಗಪತ್ರವನ್ನು ನೋಂದಾಯಿಸುವುದು ಲೇಸು. ದಾವೆ ಹೂಡಿಯಾಗಿದ್ದರೂ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅದು ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲಿಲ್ಲ, ಕೋರ್ಟು ಶುಲ್ಕವೂ ಮರಳುವುದು. ತಂದೆಯ ಶ್ರಾದ್ಧದ ದಿನ ಒಡಹುಟ್ಟಿದವರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಷ್ಟು ಸ್ನೇಹವನ್ನು ಉಳಿಸಿಕೊಂಡ ವಿಭಾಗವೇ ಸದ್ವಿಭಾಗ.