ಬೆಳಕು ಕಾಣದ ಮಗುವಿನ ನಿದ್ದೆ

ಆಳಂದ, ಅಫಜಲಪುರ, ಜೇವರ್ಗಿಯ ಯಾವುದೇ ಮನೆಯಲ್ಲಿ ಬೆಳಕನ್ನೇ ಗ್ರಹಿಸದ ಮಗು ರಾತ್ರಿ ಎಚ್ಚರವಿದ್ದು ಹಗಲು ಮಲಗಿದರೆ, ಹಟವೆಂದು ಗದರಬೇಡಿ. ದೇಹದ ಗಡಿಯಾರದ ಸುತ್ತು ಸಾಮಾನ್ಯವಾಗಿ 24 ಗಂಟೆಗಿಂತ ತುಸು ಹೆಚ್ಚು. ಕಣ್ಣಿಗೆ ಬೀಳುವ ಬೆಳಕು ಅದನ್ನು ದಿನವೂ ಸರಿಪಡಿಸುತ್ತದೆ. ಬೆಳಕು ತಲುಪದಿದ್ದರೆ ನಿದ್ದೆ ದಿನದಿನಕ್ಕೂ ತಡವಾಗುತ್ತಾ ಹೋಗಬಹುದು.

ಕತ್ತಲಾದಾಗ ಮೆದುಳಿನಲ್ಲಿ ಸ್ರವಿಸುವ ಮೆಲಟೋನಿನ್ ಹಾರ್ಮೋನು ‘ರಾತ್ರಿಯಾಯಿತು’ ಎಂದು ದೇಹಕ್ಕೆ ತಿಳಿಸುತ್ತದೆ. ಅದನ್ನೇ ಔಷಧವಾಗಿ ಸಣ್ಣ ಪ್ರಮಾಣದಲ್ಲಿ, ದಿನವೂ ಒಂದೇ ಹೊತ್ತಿಗೆ ಕೊಟ್ಟರೆ ಹಲವು ಮಕ್ಕಳ ನಿದ್ದೆ ಹಳಿಗೆ ಬರುತ್ತದೆ. ಹೊತ್ತು ತಪ್ಪಿದರೆ ಗಡಿಯಾರ ಇನ್ನಷ್ಟು ಕೆಡಬಹುದು. ಆದ್ದರಿಂದ ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಎರಡು ವಾರ ಮಗು ಮಲಗುವ, ಏಳುವ ಸಮಯ ಬರೆದಿಟ್ಟು ಮಕ್ಕಳ ತಜ್ಞರಿಗೆ ತೋರಿಸಿ.

ಊಟ, ಸ್ನಾನ, ಆಟಕ್ಕೂ ನಿಗದಿತ ಹೊತ್ತಿರಲಿ. ರಮಝಾನಿನ ತರಾವೀಹ್, ಸಹರಿಯ ಓಡಾಟದಲ್ಲೂ ಆ ಮಗುವಿನ ನಿದ್ದೆಯ ಹೊತ್ತು ತಪ್ಪದಿರಲಿ.