ಸರ್ವರ್‌ನಿಂದ ಆಂಟಿವೈರಸ್ ತೆಗೆಯುವ ಕ್ರಮ: ಒಂಬತ್ತನೇ ತರಗತಿಗೆ ಮಾಡಿದ ಎರಡು ಅವಧಿಯ ಪಾಠ

ಹಂಪಸಾಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ವಿಜ್ಞಾನದ ಜೊತೆಗೆ ಒಂಬತ್ತನೇ ತರಗತಿಯ ಎರಡು ಗಣಕ ಅವಧಿಗಳೂ ನನಗೆ ಸಿಕ್ಕವು. ಕಂಪನಿಯ ಸರ್ವರ್‌ನಿಂದ ಹಳೆಯ ಆಂಟಿವೈರಸ್‌ನ ಘಟಕಗಳನ್ನು ತೆಗೆಯುವುದು ಹೇಗೆ ಎಂಬ ವಿಷಯವನ್ನು ಆರಿಸಿಕೊಂಡೆ. ಪಾಠಯೋಜನೆ ನೋಡಿದ ಮಾರ್ಗದರ್ಶಕ ಶಿಕ್ಷಕರು, "ಶಾಲೆಯಲ್ಲಿ ಸರ್ವರೇ ಇಲ್ಲವಲ್ಲಮ್ಮಾ, ಈ ಮಕ್ಕಳಿಗೆ ಇದು ಯಾಕೆ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಾವು ಕಂಪ್ಯೂಟರ್ ಪಾಠದಲ್ಲಿ ತಂತ್ರಾಂಶವನ್ನು ಹಾಕಿಕೊಳ್ಳುವುದನ್ನು ಹೇಳಿಕೊಡುತ್ತೇವೆ, ತೆಗೆಯುವುದನ್ನು ಹೇಳಿಕೊಡುವುದಿಲ್ಲ. ಹಾಗಾಗಿ ಮಕ್ಕಳ ಮನಸ್ಸಿನಲ್ಲಿ ತೆಗೆಯುವುದು ಎಂದರೆ ಡಿಲೀಟ್ ಗುಂಡಿ ಒತ್ತುವುದು, ಅಷ್ಟೇ. ಇವರಲ್ಲಿ ಕೆಲವರು ನಾಳೆ ಸೇವಾ ಕೇಂದ್ರದಲ್ಲೋ ಬೆಂಗಳೂರಿನ ಕಚೇರಿಯಲ್ಲೋ ಇದೇ ಕೆಲಸಕ್ಕೆ ಕೂರುವವರು.

ಸರ್ವರ್ ಎಂಬ ಪದಕ್ಕೆ ಪೀಠಿಕೆ ಬೇಕಾಗಲೇ ಇಲ್ಲ. "ಸರ್ವರ್ ಡೌನ್ ಐತಿ ಅಂತ ರೇಷನ್ ಅಂಗಡ್ಯಾಗ ಹೇಳ್ತಾರಲ್ರಿ ಮೇಡಂ, ಅದಾ?" ಎಂದು ಒಬ್ಬಳು ಕೇಳಿದಳು. ಅದೇ. ಹಲವು ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ಸೇವೆ ಕೊಡುತ್ತ, ಹಗಲು ರಾತ್ರಿ ನಡೆಯುತ್ತಿರಬೇಕಾದ ಯಂತ್ರ. ಅದು ನಿಂತರೆ ಒಬ್ಬರ ಕೆಲಸ ಮಾತ್ರ ನಿಲ್ಲುವುದಿಲ್ಲ, ಸಾಲಿನಲ್ಲಿ ನಿಂತ ಎಲ್ಲರ ಕೆಲಸವೂ ನಿಲ್ಲುತ್ತದೆ ಎಂಬುದು ಅವರಿಗೆ ಅನುಭವದಿಂದಲೇ ಗೊತ್ತಿತ್ತು.

ಮೊದಲ ಚಟುವಟಿಕೆ ಪ್ರಯೋಗಾಲಯದ ಒಂದು ಕಂಪ್ಯೂಟರ್‌ನಲ್ಲಿ. ಪರದೆಯ ಮೇಲಿದ್ದ ಆಂಟಿವೈರಸ್ ಐಕಾನನ್ನು ಒಬ್ಬ ಹುಡುಗನಿಂದ ಅಳಿಸಿಸಿ, "ಹೋಯಿತೇ?" ಎಂದು ಕೇಳಿದೆ. ಅರ್ಧ ತರಗತಿ ಹೌದು ಎಂದಿತು. ಹಿಂದಿನ ಬೆಂಚಿನಿಂದ, "ಇಲ್ರಿ, ಕೆಳಗ ಮೂಲ್ಯಾಗ ಇನ್ನೂ ಐತ್ರಿ" ಎಂಬ ಉತ್ತರ ಬಂತು. ಅಲ್ಲಿಂದ ಟಾಸ್ಕ್ ಮ್ಯಾನೇಜರ್ ತೆರೆದು, ಕಾಣದೆ ಓಡುತ್ತಿದ್ದ ಸೇವೆಗಳನ್ನು ತೋರಿಸಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಆಂಟಿವೈರಸ್ಸನ್ನು ಔಷಧಿಗೋ ಲಸಿಕೆಗೋ ಹೋಲಿಸುವುದು ನಮ್ಮಲ್ಲಿ ರೂಢಿ. ಈ ಪಾಠಕ್ಕೆ ಆ ಹೋಲಿಕೆ ಒಗ್ಗುವುದಿಲ್ಲ. ಲಸಿಕೆಯನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಎಲ್ಲ ಕೋಣೆಗಳ ಬೀಗದ ಕೈ ಇಟ್ಟುಕೊಂಡ ಕಾವಲುಗಾರನಿಗೆ ಹೋಲಿಸಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಪ್ರತಿ ಕಡತ ತೆರೆಯುವಾಗಲೂ ಅವನು ನಡುವೆ ನಿಂತು ನೋಡುತ್ತಾನೆ. ಅವನನ್ನು ಯಾರೋ ಬಂದು ಸುಲಭವಾಗಿ ಹೊರಗೆ ಕಳಿಸುವಂತಿದ್ದರೆ ಕಳ್ಳನೂ ಹಾಗೇ ಮಾಡುತ್ತಿದ್ದ. ಆದ್ದರಿಂದಲೇ ತನ್ನನ್ನು ತೆಗೆಯಲು ಬಂದವರನ್ನು ತಡೆಯುವ ಸ್ವರಕ್ಷಣೆ ಅವನಲ್ಲಿದೆ, ಕೆಲವೊಮ್ಮೆ ಗುಪ್ತಪದವೂ ಇರುತ್ತದೆ.

ಕಪ್ಪುಹಲಗೆಯ ಮೇಲೆ ಘಟಕಗಳನ್ನು ಬರೆದೆ. ಕರ್ನಲ್ ಎಂಬ ಒಳಪದರದಲ್ಲಿ ಕೆಲಸ ಮಾಡುವ ಡ್ರೈವರ್, ಹಿನ್ನೆಲೆಯಲ್ಲಿ ಓಡುವ ಸೇವೆ, ವೈರಸ್‌ಗಳ ಗುರುತುಗಳಿರುವ ದತ್ತಾಂಶ ಕಡತಗಳು, ವಿಂಡೋಸ್‌ನ ರಿಜಿಸ್ಟ್ರಿಯಲ್ಲಿರುವ ನಮೂದುಗಳು, ಕೊನೆಗೆ ಏಜೆಂಟ್. ಏಜೆಂಟ್ ಮನೆಯ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕಂಪನಿಯಲ್ಲಿ ಇರುತ್ತದೆ. ಕೇಂದ್ರದ ನಿರ್ವಹಣಾ ಫಲಕದಿಂದ ಆಜ್ಞೆ ತಂದು ಯಂತ್ರಕ್ಕೆ ಮುಟ್ಟಿಸುವವನು ಅವನು.

ನಂತರ ಒಂದೊಂದು ಹೆಜ್ಜೆಯನ್ನು ಒಂದೊಂದು ಚೀಟಿಯಲ್ಲಿ ಬರೆದು ಗುಂಪುಗಳಿಗೆ ಕೊಟ್ಟು, ಕ್ರಮದಲ್ಲಿ ಜೋಡಿಸಲು ಹೇಳಿದೆ. ಹೆಚ್ಚಿನ ಗುಂಪುಗಳು ಏಜೆಂಟನ್ನೇ ಮೊದಲು ತೆಗೆದವು. ಚರ್ಚೆ ಕಾವೇರಿದ್ದು ಇಲ್ಲೇ. ಏಜೆಂಟ್ ಮೊದಲು ಹೋದರೆ ಸ್ವರಕ್ಷಣೆಯ ಬೀಗ ತೆರೆಯುವ ಆಜ್ಞೆಯನ್ನು ಕೇಂದ್ರದಿಂದ ತರುವವರು ಯಾರು? ಬೀಗ ಒಳಗೇ ಉಳಿಯುತ್ತದೆ. ಹಾಗೆಂದು ಫಲಕದಲ್ಲಿ ಏನೂ ಬದಲಿಸದೆ ಆಂಟಿವೈರಸ್ ಮಾತ್ರ ತೆಗೆದರೆ, "ಈ ಸರ್ವರ್‌ನಲ್ಲಿ ಇದು ಇರಲೇಬೇಕು" ಎಂಬ ಹಳೆಯ ನಿಯಮದಂತೆ ಏಜೆಂಟ್ ಅದನ್ನು ಮತ್ತೆ ತಂದು ಹಾಕುತ್ತಾನೆ. ಇಷ್ಟು ಮಾತಾದ ಮೇಲೆ ಚೀಟಿಗಳು ಜಾಗ ಬದಲಿಸಿದವು. ಅನುಮತಿ ಮತ್ತು ಕೆಲಸ ಕಡಿಮೆ ಇರುವ ಹೊತ್ತು, ದತ್ತಾಂಶದ ಪ್ರತಿ, ಫಲಕದಲ್ಲಿ ನಿಯಮ ಬದಲಿಸಿ ಸ್ವರಕ್ಷಣೆ ಸಡಿಲಿಸುವುದು, ರಕ್ಷಣಾ ಘಟಕಗಳು, ಏಜೆಂಟ್, ಮರುಚಾಲನೆ, ಉಳಿಕೆಗಳ ಪರಿಶೀಲನೆ.

ಮರುಚಾಲನೆ ಏಕೆ ಎಂಬುದನ್ನು ವಿವರಿಸಲೇಬೇಕು. ಬಳಕೆಯಲ್ಲಿರುವ ಡ್ರೈವರನ್ನು ಓಡುತ್ತಿರುವಾಗಲೇ ಕೀಳಲಾಗದು. ತೆಗೆಯುವ ತಂತ್ರಾಂಶ ಅದಕ್ಕೆ ಗುರುತು ಹಾಕಿಡುತ್ತದೆ, ಮುಂದಿನ ಆರಂಭದಲ್ಲಿ ಅದು ಅಳಿಯುತ್ತದೆ. ಕೈಯಿಂದ ಕಡತ ಅಳಿಸಿ ರಿಜಿಸ್ಟ್ರಿಯ ನಮೂದು ಉಳಿದರೆ ವಿಂಡೋಸ್ ಇಲ್ಲದ ಡ್ರೈವರನ್ನು ಹುಡುಕುತ್ತ ಕೆಲವೊಮ್ಮೆ ಆರಂಭದಲ್ಲೇ ನಿಂತುಬಿಡಬಹುದು. ಉಳಿಕೆಗಳನ್ನು ಗುಡಿಸಲು ತಯಾರಕರೇ ಸಾಧನ ಕೊಟ್ಟಿದ್ದರೆ ಅದನ್ನೇ ಬಳಸಬೇಕು.

ಎರಡನೇ ಅವಧಿಗೆ ನಿಜವಾದ ಪ್ರಕರಣವೊಂದನ್ನು ತೆಗೆದುಕೊಂಡೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ರಕ್ಷಣಾ ತಂತ್ರಾಂಶಕ್ಕೆ ದೋಷವಿದ್ದ ಒಂದು ದತ್ತಾಂಶ ಕಡತ ಬಂತು. ನಮ್ಮ ಸಮಯದಲ್ಲಿ ಬೆಳಿಗ್ಗೆ 9:39ಕ್ಕೆ ಬಂದ ಅದನ್ನು 10:57ಕ್ಕೆ ಸರಿಪಡಿಸಿದರು. ಎಷ್ಟು ನಿಮಿಷ ಎಂದು ಮಕ್ಕಳಿಂದಲೇ ಕಳೆಸಿದೆ: 78. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಅಂದು ಕೆಲವು ವಿಮಾನಯಾನ ಕಂಪನಿಗಳು ಪ್ರಯಾಣಿಕರ ನೋಂದಣಿಯನ್ನು ಕೈಯಿಂದಲೇ ಮಾಡಬೇಕಾಯಿತು. ಕಾರಣ ಕೇಳಿದರೆ ಚಿಕ್ಕದು. ಹೊಸ ಕಡತ 21ನೇ ಮಾಹಿತಿಯನ್ನು ಓದಲು ಹೇಳಿತು, ತಂತ್ರಾಂಶದ ಬಳಿ ಇದ್ದದ್ದು 20. ಹಾಜರಿ ಕೂಗುವಾಗ ಇಲ್ಲದ ಹೆಸರು ಬಂದರೆ ನಾವು "ಇಲ್ಲ" ಎಂದು ಮುಂದೆ ಹೋಗುತ್ತೇವೆ. ಕರ್ನಲ್‌ನೊಳಗೆ ಇಂಥ ತಪ್ಪಾದರೆ ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ, ಅಂದು ಕಂಡದ್ದು ನೀಲಿ ಪರದೆ. ಯಂತ್ರ ಆರಂಭವೇ ಆಗದಿದ್ದಾಗ ಸರಿಪಡಿಸಿದ ಕಡತ ಜಾಲದ ಮೂಲಕ ಬಂದು ಸೇರುವುದು ಕಷ್ಟ. ಅನೇಕ ಕಡೆ ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ನಲ್ಲಿ ತೆರೆದು, 'ಸಿ-00000291' ಎಂದು ಆರಂಭವಾಗುವ ಕಡತವನ್ನು ಅಳಿಸಿದರು. ಬಿಟ್‌ಲಾಕರ್ ಬೀಗವಿದ್ದ ಯಂತ್ರಗಳಿಗೆ 48 ಅಂಕಿಗಳ ಕೀಲಿಸಂಖ್ಯೆಯೂ ಬೇಕಾಯಿತು.

"ಕೈಯಿಂದ ಅಳಿಸಬಾರದು ಅಂತ ನಿನ್ನೆ ಹೇಳಿದ್ರಲ್ರಿ. ಅವರು ಅಳಿಸಿದ್ದು ಹೆಂಗ ಸರಿ?" ಎಂದು ಒಬ್ಬ ಹುಡುಗ ಎದ್ದು ಕೇಳಿದ. ನನ್ನ ಮಟ್ಟಿಗೆ ಇಡೀ ಪಾಠದ ಮುಖ್ಯ ಪ್ರಶ್ನೆ ಇದೇ. ಉತ್ತರವನ್ನು ಗುಂಪುಗಳಿಗೇ ಬಿಟ್ಟೆ, ಹಿಂದಿನ ದಿನದ ಚೀಟಿಗಳನ್ನು ಮುಂದೆ ಇಟ್ಟುಕೊಳ್ಳಲು ಹೇಳಿದೆ. ಹತ್ತು ನಿಮಿಷದಲ್ಲಿ ಎರಡು ಅಂಶಗಳು ಬಂದವು. ಅಳಿಸಿದ್ದು ಡ್ರೈವರನ್ನಲ್ಲ, ಅದು ಓದುವ ದತ್ತಾಂಶವನ್ನು. ಕಾವಲುಗಾರ ಉಳಿದ, ಅವನ ಕೈಯಲ್ಲಿದ್ದ ಒಂದು ತಪ್ಪು ಚೀಟಿ ಹೋಯಿತು. ಹಾಗೆ ಮಾಡಲು ಹೇಳಿದ್ದು ತಯಾರಕರೇ. ಮೂರನೆಯದನ್ನು ನಾನು ಸೇರಿಸಿದೆ: ಸೇಫ್ ಮೋಡ್‌ನಲ್ಲಿ ವಿಂಡೋಸ್ ತೀರಾ ಅಗತ್ಯದ ಡ್ರೈವರ್‌ಗಳನ್ನಷ್ಟೇ ಎಬ್ಬಿಸುತ್ತದೆ, ಹಾಗಾಗಿ ಆ ಕಡತವನ್ನು ಆಗ ಯಾರೂ ಬಳಸುತ್ತಿರಲಿಲ್ಲ.

ಹಳೆಯದನ್ನು ತೆಗೆದು ಹೊಸದನ್ನು ಹಾಕುವ ನಡುವಿನ ಹೊತ್ತಿನ ಬಗ್ಗೆ ಹೇಳುವಾಗ ಒಬ್ಬ ವಿದ್ಯಾರ್ಥಿನಿ ತುಂಗಭದ್ರಾ ಡ್ಯಾಮಿನ ಗೇಟಿನ ಮಾತೆತ್ತಿದಳು. ಈ ಭಾಗದ ಮಕ್ಕಳಿಗೆ ಅದು ದೂರದ ಸುದ್ದಿಯಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಜಲಾಶಯದ 33 ಗೇಟುಗಳಲ್ಲಿ ಉಳಿದವನ್ನೂ ತೆರೆದು ಒತ್ತಡ ತಗ್ಗಿಸಿದರು. ಆ ಜಾಗಕ್ಕೆ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿ ಮುಗಿಸುವಷ್ಟರಲ್ಲಿ ಒಂದು ವಾರ ಹಿಡಿಯಿತು. ಸರ್ವರ್‌ನಲ್ಲೂ ತೆರೆದ ಬಾಯಿಗೆ ಸ್ಟಾಪ್‌ಲಾಗ್ ಬೇಕು. ಮನೆಯ ವಿಂಡೋಸ್‌ನಲ್ಲಿ ಬೇರೆ ಆಂಟಿವೈರಸ್ ಹೋದೊಡನೆ ಮೈಕ್ರೋಸಾಫ್ಟ್ ಡಿಫೆಂಡರ್ ಸಾಮಾನ್ಯವಾಗಿ ತಾನೇ ಎಚ್ಚರವಾಗುತ್ತದೆ. ವಿಂಡೋಸ್ ಸರ್ವರ್‌ನಲ್ಲಿ ಅದು ನಡೆಯುತ್ತಿದೆಯೇ ಎಂದು ನಾವೇ ನೋಡಬೇಕು, ಆರಿಸಿಟ್ಟಿದ್ದರೆ ನಾವೇ ಎಬ್ಬಿಸಬೇಕು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: "ಐಕಾನ್, ದತ್ತಾಂಶ ಕಡತ, ಡ್ರೈವರ್: ಪ್ರತಿಯೊಂದನ್ನೂ ಅಳಿಸಿದರೆ ಏನಾಗುತ್ತದೆ?" ಡ್ರೈವರ್ ಬಗ್ಗೆ ಹೆಚ್ಚಿನವರು ಸರಿಯಾಗಿ ಬರೆದರು. ದತ್ತಾಂಶ ಕಡತದ ಬಗ್ಗೆ ಉತ್ತರಗಳು ಚದುರಿದವು. ಮುಂದೆ ಈ ಪಾಠ ಮಾಡುವವರು ಆ ಭಾಗಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳುವುದು ಒಳ್ಳೆಯದು. ಎಂಟನೇ ತರಗತಿಗೆ ಮಾಡುವುದಾದರೆ ಏಜೆಂಟ್ ಚೀಟಿಯನ್ನು ಬಿಡಬಹುದು, ಉಳಿದವು ಒಂದೂವರೆ ಅವಧಿಯಲ್ಲಿ ಮುಗಿಯುತ್ತವೆ. ಚೀಟಿಗಳ ಒಂದು ಕಟ್ಟನ್ನು ಕಾಲೇಜಿನ ಬೋಧನೋಪಕರಣಗಳ ಕಪಾಟಿನಲ್ಲಿ ಇಟ್ಟಿದ್ದೇನೆ.