ಇಲಿಗೆ ಒಗ್ಗಿದ್ದು ಮನುಷ್ಯರಿಗೆ ಒಗ್ಗೀತೆ?

ಮಗೂ, ಮಧುಮೇಹದಲ್ಲಿ ಕೆಡುವ ಯಕೃತ್ತನ್ನು ಉಳಿಸುವ ಸಸ್ಯಸಾರದ ಮೇಲೆ ಪಿಎಚ್.ಡಿ. ಮಾಡುತ್ತೇನೆ ಅಂತ ನೀನು ಹೇಳಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು. ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆಯಿದೆ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿತು. ಎರಡನೇ ಬಗೆಯ ಮಧುಮೇಹ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಯಕೃತ್ತಿನಲ್ಲಿ ಕೊಬ್ಬು ಕೂತಿರುತ್ತದೆ. ಕಣ್ಣು ತೋರಿಸಿದಿರಾ, ಕಾಲು ನೋಡಿಕೊಂಡಿರಾ, ಕಿಡ್ನಿ ಹೇಗಿದೆ ಎಂದು ವಿಚಾರಿಸುವ ನಾವು ಯಕೃತ್ತನ್ನು ಮರೆತುಬಿಡುತ್ತೇವೆ. ಅದು ನೋಯುವುದಿಲ್ಲ. ಕೊಬ್ಬು ತುಂಬಿ, ಉರಿಯೂತ ಹತ್ತಿ, ನಾರುಗಟ್ಟಿ, ಹೊಟ್ಟೆಯಲ್ಲಿ ನೀರು ನಿಲ್ಲುವ ಹೊತ್ತಿಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಹಾಗಾಗಿ ವಿಷಯವನ್ನು ಬದಲಿಸು ಎಂದು ನಾನು ಹೇಳುವುದಿಲ್ಲ. ಔಷಧಶಾಸ್ತ್ರ ಕಲಿಸಿಕೊಂಡೇ ಮುದುಕನಾದವನು ನಾನು. ದಾರಿಯಲ್ಲಿ ಎಲ್ಲೆಲ್ಲಿ ಕಾಲು ಜಾರುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ಗಿಡಮೂಲಿಕೆ ಎಂದರೆ ಮೂಗು ಮುರಿಯುವವರ ಮಾತಿಗೆ ಎದೆಗುಂದಬೇಡ. ಇವತ್ತು ಪ್ರತಿ ಊರಿನ ಔಷಧದಂಗಡಿಯಲ್ಲೂ ಸಿಗುವ ಮೆಟ್‌ಫಾರ್ಮಿನ್‌ನ ಬೇರು ಗಲೀಗಾ ಎಂಬ ಯುರೋಪಿನ ಗಿಡದಲ್ಲಿದೆ. ಆದರೆ ಗಿಡದಲ್ಲಿದ್ದ ಅಂಶ ಹಾಗೇ ಕೊಡಲಾಗದಷ್ಟು ವಿಷವಾಗಿತ್ತು, ಮೇಯ್ದ ದನಕುರಿ ಸಾಯುತ್ತಿದ್ದವು. ಅದರ ನೆಂಟನಾದ ಮೆಟ್‌ಫಾರ್ಮಿನ್ 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಾಯಿತು. ಫ್ರಾನ್ಸಿನ ಜಾನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ಅಂಶವನ್ನು ತೆಗೆದದ್ದು 1835ರಲ್ಲಿ. ಅದರ ಜಾಡು ಹಿಡಿದು ಬಂದ ಮಧುಮೇಹದ ಮದ್ದು ಡಾಪಾಗ್ಲಿಫ್ಲೋಜಿನ್ ಯುರೋಪಿನಲ್ಲಿ ಒಪ್ಪಿಗೆ ಪಡೆದದ್ದು 2012ರಲ್ಲಿ. ಸಸ್ಯ ದಾರಿ ತೋರಿಸಿತು, ಅಣು ಬದಲಾಯಿತು, ತಲೆಮಾರುಗಳು ಸವೆದವು. ನಿನ್ನ ಕೈಲಿರುವುದು ನಾಲ್ಕೈದು ವರ್ಷ. ಅಷ್ಟರಲ್ಲಿ ಔಷಧ ಹುಟ್ಟುವುದಿಲ್ಲ, ಒಂದು ಒಳ್ಳೆಯ ಪ್ರಶ್ನೆಗೆ ನಂಬಿಕೆಗೆ ಅರ್ಹವಾದ ಉತ್ತರ ಹುಟ್ಟಬಹುದು.

ಈಗ ಇಲಿಯ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ಮಾತು ಇರುವುದೇ ಇಲ್ಲಿ.

ನಿನ್ನ ಲ್ಯಾಬಿನಲ್ಲೂ ಸ್ಟ್ರೆಪ್ಟೊಜೋಟೋಸಿನ್ ಚುಚ್ಚಿ ಇಲಿಗೆ ಸಕ್ಕರೆ ಕಾಯಿಲೆ ಬರಿಸುತ್ತಾರೆ. ಮೂರು ನಾಲ್ಕು ದಿನದಲ್ಲಿ ರಕ್ತದ ಸಕ್ಕರೆ ಏರುತ್ತದೆ, ಯಕೃತ್ತಿನ ಹಾನಿಯನ್ನು ತೋರಿಸುವ ಎಸ್‌ಜಿಪಿಟಿ ಏರುತ್ತದೆ, ಸಸ್ಯಸಾರ ಕುಡಿಸಿದರೆ ಇಳಿಯುತ್ತದೆ, ಪ್ರಬಂಧ ಅಚ್ಚಾಗುತ್ತದೆ. ಆ ರಾಸಾಯನಿಕ ಜೀವಕೋಶದ ಒಳಗೆ ನುಗ್ಗುವುದು ಗ್ಲುಟ್-2 ಎಂಬ ಬಾಗಿಲಿನಿಂದ. ಆ ಬಾಗಿಲು ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶದಲ್ಲಿದೆ, ಯಕೃತ್ತಿನ ಕೋಶದಲ್ಲೂ ಇದೆ. ಅಂದರೆ ನೀನು ಅಳೆಯುವ ಯಕೃತ್ತಿನ ಹಾನಿಯಲ್ಲಿ ಮಧುಮೇಹ ಮಾಡಿದ್ದೆಷ್ಟು, ಚುಚ್ಚಿದ ವಿಷ ನೇರವಾಗಿ ಮಾಡಿದ್ದೆಷ್ಟು? ಇದೇ ವಸ್ತುವನ್ನು ಮೇದೋಜೀರಕದ ಒಂದು ಬಗೆಯ ಕ್ಯಾನ್ಸರಿಗೆ ಔಷಧವಾಗಿ ಕೊಡುವಾಗ ಯಕೃತ್ತಿನ ಮೇಲೆ ಕಣ್ಣಿಡಿ ಎಂದು ವೈದ್ಯರನ್ನು ಎಚ್ಚರಿಸುತ್ತಾರೆ. ಸಾಲದ್ದಕ್ಕೆ, ಬೀಟಾ ಕೋಶ ಸುಟ್ಟುಹೋದ ಆ ಬಡಕಲು ಇಲಿಗೂ, ಸೊಂಟ ದಪ್ಪವಾಗಿ, ಇನ್ಸುಲಿನ್ ಇದ್ದೂ ಅದರ ಮಾತು ನಡೆಯದೆ ಯಕೃತ್ತಿಗೆ ಕೊಬ್ಬು ಹರಿದುಬರುತ್ತಿರುವ ನಮ್ಮ ನೆರೆಮನೆಯವರಿಗೂ ಹೋಲಿಕೆ ಕಡಿಮೆ.

ಹಾಗಾದರೆ ಏನು ಮಾಡಲಿ ಎನ್ನುತ್ತೀಯ. ಇಲಿಗೆ ಮೊದಲು ಕೆಲವು ವಾರ ಕೊಬ್ಬಿನ ಆಹಾರ ಕೊಟ್ಟು, ಆಮೇಲೆ ಕಡಿಮೆ ಪ್ರಮಾಣದ ಚುಚ್ಚುಮದ್ದು ಕೊಡುವ ಪದ್ಧತಿಯಿದೆ. ಸಮಯ ಹಿಡಿದರೂ ಅದನ್ನೇ ಹಿಡಿ. ಸಸ್ಯಸಾರವನ್ನು ಚುಚ್ಚುಮದ್ದಿಗೂ ಮುಂಚೆ ಶುರುಮಾಡಬೇಡ, ಕಾಯಿಲೆ ನೆಲೆನಿಂತ ಮೇಲೆ ಕೊಡು. ಮುಂಚೆಯೇ ಕೊಟ್ಟರೆ ನೀನು ಆ ವಿಷಕ್ಕೆ ಪ್ರತಿವಿಷ ಹುಡುಕಿದಂತಾಯಿತೇ ಹೊರತು ಮಧುಮೇಹಿಯ ಯಕೃತ್ತಿಗೆ ಔಷಧ ಹುಡುಕಿದಂತಾಗಲಿಲ್ಲ. ಹೋಲಿಕೆಗಾಗಿ ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಕೊಡಲೇಬೇಕು. ಸಕ್ಕರೆ ಇಳಿದದ್ದರಿಂದ ಯಕೃತ್ತು ಸುಧಾರಿಸಿತೋ, ಸಕ್ಕರೆಯ ಹಂಗಿಲ್ಲದೆ ಸಸ್ಯವೇ ಅದನ್ನು ಕಾಪಾಡಿತೋ ಎಂಬ ಪ್ರಶ್ನೆಯನ್ನು ಬಹಳ ಪ್ರಬಂಧಗಳು ಮುಟ್ಟುವುದೇ ಇಲ್ಲ, ನೀನು ಮುಟ್ಟು. ಯಕೃತ್ತಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಅದು ಯಾವ ಗುಂಪಿನದೆಂದು ಗೊತ್ತಾಗಬಾರದು. ಗೈಡ್ ಅವಸರ ಮಾಡಿದರೂ ಇದನ್ನು ಬಿಟ್ಟುಕೊಡಬೇಡ.

ಅಳತೆಯ ಲೆಕ್ಕವನ್ನೂ ಮಾಡು. ಇಲಿಗೆ ಕಿಲೋ ತೂಕಕ್ಕೆ 200 ಮಿಲಿಗ್ರಾಂ ಕೊಟ್ಟೆ ಅಂದುಕೊಳ್ಳೋಣ. ಮನುಷ್ಯರ ಲೆಕ್ಕಕ್ಕೆ ತರಲು ಸುಮಾರು ಆರರಿಂದ ಭಾಗಿಸಬೇಕು. ಅರವತ್ತು ಕಿಲೋ ತೂಗುವವರಿಗೆ ದಿನಕ್ಕೆ ಎರಡು ಗ್ರಾಂ ಹತ್ತಿರ ಬರುತ್ತದೆ, ಅದೂ ಸೊಪ್ಪಲ್ಲ, ಗಟ್ಟಿ ಸಾರ. ಎಷ್ಟು ಸೊಪ್ಪು ಬೇಕು, ಆ ಪ್ರಮಾಣದಲ್ಲಿ ಅದು ಸುರಕ್ಷಿತವೇ ಎಂದು ಬರೆದಿಡು.

ನುಂಗಿದ್ದೆಲ್ಲ ರಕ್ತ ಸೇರುವುದಿಲ್ಲ. ಇದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಕೆಲಸ ಓದು. ಎರಡು ಗ್ರಾಂ ಕರ್ಕ್ಯುಮಿನ್, ಅಂದರೆ ಅರಿಶಿನದ ಸತ್ವ, ನುಂಗಿದ ಆರೋಗ್ಯವಂತರ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಸತ್ವ, ಕೊಟ್ಟಾಗ ಶೇಕಡ 2000 ಹೆಚ್ಚಾಯಿತು. ಅದೇ ಜೋಡಿ ಇಲಿಯಲ್ಲಿ ಹೆಚ್ಚಿಸಿದ್ದು ಶೇಕಡ 154 ಮಾತ್ರ. ಇಲಿಗೂ ಮನುಷ್ಯರಿಗೂ ಎಷ್ಟು ಅಂತರ ನೋಡು.

ಈ ಸಂಶೋಧನೆಯನ್ನು ಜಗತ್ತಿನ ಮಾರುಕಟ್ಟೆ ಹಿಡಿದುಕೊಂಡಿತು, ಅರಿಶಿನ-ಮೆಣಸಿನ ಮಾತ್ರೆಗಳು ಬಂದವು. ಅಮೆರಿಕದಲ್ಲಿ ಔಷಧದಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ವೈದ್ಯರ ಜಾಲ 2022ರಲ್ಲಿ ಅರಿಶಿನದ ಮಾತ್ರೆಯಿಂದ ಯಕೃತ್ತು ಕೆಟ್ಟ 10 ಜನರ ವಿವರ ಪ್ರಕಟಿಸಿತು. ಅವರಲ್ಲಿ ಒಬ್ಬರು ತೀರಿಕೊಂಡರು. ಏಳು ಜನರಲ್ಲಿ ಒಂದೇ ಬಗೆಯ ವಂಶವಾಹಿ ಗುರುತು ಕಂಡಿತು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ. ಚಿಟಿಕೆ ಬೇರೆ, ರಕ್ತಕ್ಕೆ ನುಗ್ಗುವಂತೆ ಮಾಡಿದ ಗಟ್ಟಿ ಸತ್ವ ಬೇರೆ. ಅಮೃತಬಳ್ಳಿಯ ಕತೆಯೂ ನೆನಪಿರಲಿ. ಕೊರೊನಾ ಕಾಲದಲ್ಲಿ ಅದನ್ನು ಸೇವಿಸಿ ಯಕೃತ್ತು ಊದಿಕೊಂಡ ಕೆಲವರ ವರದಿ 2021ರಲ್ಲಿ ಮುಂಬೈಯಿಂದ ಬಂದಾಗ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಮರುವರ್ಷ 13 ಕೇಂದ್ರಗಳಿಂದ 43 ರೋಗಿಗಳ ವಿವರ ಬಂತು. ಯಕೃತ್ತನ್ನು ಕಾಯಬೇಕೆಂದು ಹೊರಟವರು ಇದನ್ನು ಓದದೆ ಮುಂದಡಿ ಇಡಬಾರದು.

ನೆಲನೆಲ್ಲಿಯನ್ನು ಬಿಟ್ಟರೆ ನನ್ನ ಮಾತು ಅರ್ಧವಾಗುತ್ತದೆ. ಕಾಮಾಲೆಗೆ ಅದನ್ನು ಅರೆದು ಕೊಡುವವರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಹೆಪಟೈಟಿಸ್ ಬಿ ವೈರಸ್ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಬ್ಲುಂಬರ್ಗ್, ಮದ್ರಾಸಿನ ತ್ಯಾಗರಾಜನ್ ಮತ್ತಿತರರೊಡನೆ ಸೇರಿ 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು: ನೆಲನೆಲ್ಲಿ ಪುಡಿ ತೆಗೆದುಕೊಂಡ 37 ವೈರಸ್ ವಾಹಕರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು, ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರದು ಮಾತ್ರ. ದೊಡ್ಡ ಹೆಸರು, ದೊಡ್ಡ ಪತ್ರಿಕೆ, ಸರಿಯಾದ ಹೋಲಿಕೆಯ ಗುಂಪು. ಆದರೂ ಬೇರೆಯವರು ಬೇರೆ ಕಡೆ ಪ್ರಯತ್ನಿಸಿದಾಗ ಆ ಫಲ ಕಾಣಲಿಲ್ಲ. ಬ್ಲುಂಬರ್ಗ್ ತಂಡದವರು ಸುಳ್ಳು ಹೇಳಿರಲಿಲ್ಲ. ಗಿಡದ ತಳಿ, ಕೊಯ್ದ ಕಾಲ, ಬೆಳೆದ ಮಣ್ಣು, ರೋಗಿಗಳ ಸಂಖ್ಯೆ, ಎಲ್ಲದರಿಂದಲೂ ಉತ್ತರ ಬದಲಾಗುತ್ತದೆ. ನಿನ್ನ ಗಿಡದ ಒಂದು ಒಣ ಮಾದರಿಯನ್ನು ಸಸ್ಯಾಗಾರದಲ್ಲಿ ಇಟ್ಟು ಸಂಖ್ಯೆ ಪಡೆದುಕೋ. ಸಾರದಲ್ಲಿ ಯಾವ ಅಣು ಎಷ್ಟಿದೆ ಎಂದು ಪ್ರತಿ ಸಲವೂ ಅಳೆ. ಬರ್ಬೆರಿನ್ ಎಂಬ ಸತ್ವಕ್ಕಾಗಿ ಮರದರಿಶಿನದ ಹಿಂದೆ ಹೋಗುವುದಾದರೆ ಕಾಡಿನಿಂದ ಬಳ್ಳಿ ಕಡಿಸಬೇಡ. ಪಶ್ಚಿಮಘಟ್ಟದಲ್ಲಿ ಅದು ಈಗಾಗಲೇ ವಿರಳ.

ಸದ್ಯಕ್ಕೆ ರೋಗಿಗಳಿಗೆ ಧೈರ್ಯವಾಗಿ ಹೇಳಬಹುದಾದದ್ದು ತೂಕದ ಮಾತು. ತೂಕ ಶೇಕಡ 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ, ಶೇಕಡ 10 ಇಳಿದರೆ ನಾರುಗಟ್ಟುವಿಕೆಯೂ ಹಿಂದೆ ಸರಿಯಬಹುದು. ಕಾಫಿ ಕುಡಿಯುವವರಲ್ಲಿ ಯಕೃತ್ತು ನಾರುಗಟ್ಟುವುದು ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ನಿನ್ನ ಸಸ್ಯಸಾರ ಗೆಲ್ಲಬೇಕಾದದ್ದು ಇವುಗಳ ಎದುರು.

ಇನ್ನೊಂದು ಕೆಲಸ. ಇಲಿಗಳು ಬರುವುದಕ್ಕೆ ಮೊದಲು ವಾರಕ್ಕೊಂದು ಬೆಳಿಗ್ಗೆ ಮಧುಮೇಹದ ಹೊರರೋಗಿ ವಿಭಾಗದಲ್ಲಿ ಕೂತುಕೋ. ಬಂದವರನ್ನು ಯಾವ ಕಷಾಯ, ಯಾವ ಪುಡಿ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳು. ಬೈಯಬೇಡ, ನಗಬೇಡ, ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಡಬ್ಬಿ ತರಿಸಿ ಲೇಬಲ್ ಓದು. ಅವರ ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಸಂಖ್ಯೆ ಬರೆದುಕೊಂಡರೆ ಯಕೃತ್ತು ನಾರುಗಟ್ಟಿರುವ ಅಪಾಯವನ್ನು ಅಂದಾಜಿಸುವ ಫಿಬ್-4 ಲೆಕ್ಕ ಹಾಕಬಹುದು. ಅದು 1.3 ದಾಟಿದ್ದರೆ ಅಲ್ಲಿನ ವೈದ್ಯರಿಗೆ ಅವತ್ತೇ ತಿಳಿಸು.